ಮಾನಪ್ಪ ಕುಳ ಹಚ್ಚಿದ್ದು

ಒಬ್ಬರ ಮೇಲೆ ಅನುಮಾನ ಬಂತೆಂದರೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಗಂಡ ಚೆನ್ನಯ ಇದಕ್ಕೆ ರೋಗ ಅನ್ನುತ್ತಾರೆ. ರೋಗವಂತೆ! ಶಹಾಡ್ ಸ್ಟೇಷನ್ನಿನ ಹೊರಗೆ ಇಪ್ಪತ್ತೆಂಟು ವರ್ಷ ಹೋಟೆಲು ನಡೆಸಿದವರು ನಾವು, ಅದರಲ್ಲಿ ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತವಳು ನಾನು. ನಾಲ್ಕು ಇಡ್ಲಿ ತಿಂದು ಮೂರು ಅನ್ನುವವನನ್ನು ಅವನು ಕೈ ತೊಳೆದು ಬರುವ ನಡಿಗೆಯಲ್ಲೇ ಹಿಡಿಯುತ್ತಿದ್ದೆ. ಇವರು ಕೂತಿದ್ದರೆ ಹೋಟೆಲಿನ ಬೋರ್ಡು ಎಂದೋ ಕೆಳಗಿಳಿಯುತ್ತಿತ್ತು. ನನ್ನ ಅನುಮಾನದಿಂದಲೇ ಡೊಂಬಿವಲಿಯಲ್ಲಿ ಫ್ಲ್ಯಾಟು, ಟಿಟ್ವಾಳಾದ ಆಚೆ ಎರಡೆಕರೆ ಗದ್ದೆ, ಗದ್ದೆ ಹೂಡಲಿಕ್ಕೆ ಒಂದು ಪವರ್ ಟಿಲ್ಲರ್ ಆದದ್ದು. ಆದರೆ ಮಾನಪ್ಪನ ವಿಷಯದಲ್ಲಿ ಏನಾಯಿತು ಅಂತ ಹೇಳುತ್ತೇನೆ, ಕೇಳಿ. ಬೈಯುವುದಿದ್ದರೆ ಕೊನೆಯಲ್ಲಿ ಬೈಯಿರಿ.

ಗದ್ದೆ ಇರುವುದು ನನ್ನ ಹೆಸರಿನಲ್ಲಿ. ಈ ರಾಜ್ಯದಲ್ಲಿ ಕೃಷಿ ಜಮೀನು ತೆಗೆದುಕೊಳ್ಳಬೇಕಾದರೆ ನೀವು ಮೊದಲೇ ಕೃಷಿಕರು ಅಂತ ಕಾಗದ ತೋರಿಸಬೇಕು. ಇವರ ಹತ್ತಿರ ಎಂಥದ್ದೂ ಇರಲಿಲ್ಲ. ನನ್ನ ಹತ್ತಿರ ಅಪ್ಪ ಬರೆದುಕೊಟ್ಟ ಅರ್ಧ ಎಕರೆಯ ಆರ್‌ಟಿಸಿ ಇತ್ತು, ಕಾಪುವಿನ ಹತ್ತಿರದ್ದು. ಅದನ್ನು ತೋರಿಸಿಯೇ 2008ರಲ್ಲಿ ಈ ಗದ್ದೆ ಕೊಂಡದ್ದು. ಅಪ್ಪನಿಗೆ ಆ ಭೂಮಿ ಹೇಗೆ ಬಂತು ಅನ್ನುವ ಕತೆಯನ್ನು ನಮ್ಮ ಮನೆಗೆ ಬಂದವರು ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ನಾನು ಬಿಡುವುದಿಲ್ಲ.

ಅಪ್ಪ ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಡಿಕ್ಲರೇಶನ್ ಕಾಲ ಬಂತು. ಉಳುವವನೇ ಒಡೆಯ, ಅರ್ಜಿ ಹಾಕಿದವನಿಗೆ ಭೂಮಿ ಅಂತ ಸರಕಾರ ಹೇಳಿತು. ಧಣಿಗಳು ಬುದ್ಧಿವಂತರು. ಒಕ್ಕಲುಗಳನ್ನೆಲ್ಲ ಅಂಗಳಕ್ಕೆ ಕರೆಸಿ ಒಂದು ಕಾಗದ ಮುಂದಿಟ್ಟರು. ‘ನಾನು ಗೇಣಿಯವನಲ್ಲ, ಬರೀ ಕೂಲಿಯವನು’ ಅಂತ ಅದರಲ್ಲಿ ಬರೆದಿತ್ತು. ಓದಲಿಕ್ಕೆ ಯಾರಿಗೆ ಬರುತ್ತದೆ? ಒಬ್ಬೊಬ್ಬರೇ ಹೋಗಿ ಹೆಬ್ಬೆರಳು ಒತ್ತಿ ಬಂದರು. ನನ್ನ ಅಪ್ಪ ಮಾತ್ರ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋದರು. ಬಟ್ಟೆಗೆ ಅರಸಿನ ಮೆತ್ತಿ, ಅದರ ಮೇಲೆ ಎಲೆ ಅಡಿಕೆಯ ಕೆಂಪು ಉಗುಳಿ ಕೊಟ್ಟವಳು ನನ್ನ ಅಮ್ಮ. ‘ಕೋಣ ತುಳಿಯಿತು ಧಣಿ, ಬೆರಳು ಜಜ್ಜಿ ಹೋಗಿದೆ’ ಅಂದರಂತೆ ಅಪ್ಪ. ಬಿಚ್ಚಿ ನೋಡಬೇಕಾದರೆ ಮುಟ್ಟಬೇಕು. ನಮ್ಮನ್ನು ಮುಟ್ಟಿದರೆ ಧಣಿಗಳು ಸ್ನಾನ ಮಾಡಬೇಕು. ‘ಹೋಗು, ಗುಣವಾದ ಮೇಲೆ ಬಾ’ ಅಂದರು. ಅಪ್ಪ ಅಲ್ಲಿಂದ ನೆಟ್ಟಗೆ ಹೋಗಿ ಅರ್ಜಿಗೆ ಅದೇ ಹೆಬ್ಬೆರಳು ಒತ್ತಿದರು. ಆಗ ನನಗೆ ಹತ್ತೊಂಬತ್ತು. ಆ ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಒಗೆದವಳು ನಾನೇ.

ಇದನ್ನು ಯಾಕೆ ಹೇಳಿದೆ ಅಂದರೆ, ಭೂಮಿ ಹೇಗೆ ಕೈ ಬದಲಾಗುತ್ತದೆ ಅಂತ ನನಗೆ ಗೊತ್ತಿದೆ. ಪುಸ್ತಕ ಓದಿ ಗೊತ್ತಾದದ್ದಲ್ಲ.

ಟಿಲ್ಲರ್ ತಂದದ್ದು 2009ರ ಮೇ ತಿಂಗಳಲ್ಲಿ. ಮಾನಪ್ಪ ಬಂದದ್ದೂ ಅದೇ ವಾರ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿಕೊಂಡಿದ್ದ, ಬಾದಾಮಿ ಕಡೆಯವ, ನಲವತ್ತರ ಆಸುಪಾಸು. ಕೆಸರು ಗದ್ದೆಗೆ ಬೇಕಾದ ಕಬ್ಬಿಣದ ಚಕ್ರ ಮಾಡಿಸಲಿಕ್ಕೆ ಇವರು ಅಲ್ಲಿಗೆ ಹೋದಾಗ ಕನ್ನಡದಲ್ಲಿ ಮಾತಾಡಿದನಂತೆ, ಅಷ್ಟಕ್ಕೇ ಇವರು ಕರಗಿ ನೀರಾಗಿ ಅವನನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದರು. ಬಾವಿಯ ಪಕ್ಕದ ಕೋಣೆಯಲ್ಲಿ ಅವನ ವಾಸ. ನಾವು ವಾರಕ್ಕೆ ಎರಡು ಸಲ ಡೊಂಬಿವಲಿಯಿಂದ ಟ್ರೇನು ಹಿಡಿದು ಹೋಗಿ ಬರುವುದು. ಇವರಿಗೆ ಮೊಣಕಾಲು ನೋವು, ಟಿಲ್ಲರ್ ಹಿಡಿಯುವ ಹಾಗಿಲ್ಲ. ಮಗ ಯತಿನ್‌ಗೆ ಐರೋಲಿಯಲ್ಲಿ ಆಫೀಸು. ಹುಣಿಯ ಮೇಲೆ, ಗದ್ದೆಯ ಬದುವಿನ ಮೇಲೆ, ನಡೆಯಲು ಹೇಳಿದರೆ ಶೂ ನೋಡಿಕೊಳ್ಳುತ್ತಾನೆ.

ಸುಳ್ಳು ಯಾಕೆ ಹೇಳಲಿ, ಮಾನಪ್ಪ ಕೆಲಸಗಾರ. ಟಿಲ್ಲರನ್ನು ಎತ್ತಿನ ಹಾಗೆ ಮಾತಾಡಿಸಿಕೊಂಡು ಹೂಡುತ್ತಿದ್ದ. ಮೊದಲ ವರ್ಷದ ಕೊಯ್ಲಿನ ದಿನ ಚಹಾ ಕುಡಿಯುತ್ತ ಕೂತಾಗ ನಾನು ಅವನಿಗೂ ಅಪ್ಪನ ಹೆಬ್ಬೆರಳಿನ ಕತೆ ಹೇಳಿದ್ದೆ. ಅವನು ತೊಡೆ ತಟ್ಟಿ ನಕ್ಕು, “ನಿಮ್ಮಪ್ಪಾರು ಭಾಳ ಶಾಣ್ಯಾ ಇದ್ರ್ರಿ ಅಕ್ಕಾರ” ಅಂದಿದ್ದ. ನನಗೂ ಖುಷಿಯಾಗಿತ್ತು.

ಮೂರನೆಯ ವರ್ಷದಲ್ಲಿ ನನ್ನ ತಲೆಗೆ ಅನುಮಾನದ ಹುಳ ಹೊಕ್ಕಿತು.

ಮೊದಲನೆಯದು, ಅವನ ಬಾಯಿಮಾತು. ‘ನಮ್ಮ ಹೊಲ’, ‘ನಮ್ಮ ಟಿಲ್ಲರ್’, ‘ನಮ್ಮ ಭತ್ತ’. ಯಾರದ್ದು ಮಾರಾಯ, ಯಾರದ್ದು? ಆಮೇಲೆ ಟಿಲ್ಲರಿನ ಹ್ಯಾಂಡಲ್. ಅದನ್ನು ಹಾಕಿ ತಿರುಗಿಸದಿದ್ದರೆ ಇಂಜಿನು ಕೆಮ್ಮುವುದೂ ಇಲ್ಲ. ದಿನಾ ಸಾಯಂಕಾಲ ಅದನ್ನು ಕಳಚಿಕೊಂಡು ಹೋಗಿ ತನ್ನ ಕೋಣೆಯಲ್ಲಿ ಇಡುತ್ತಿದ್ದ. ಕೇಳಿದರೆ, “ಗುಜರಿ ಮಂದಿ ಒಯ್ತಾರ್ರಿ ಅಕ್ಕಾರ” ಅನ್ನುತ್ತಿದ್ದ. ಟಿಲ್ಲರ್ ನನ್ನದು, ಹ್ಯಾಂಡಲ್ ಅವನ ತಲೆದಿಂಬಿನ ಹತ್ತಿರ. ಇದು ಯಾವ ನ್ಯಾಯ?

2012ರ ಜೂನಿನಲ್ಲಿ ಪಕ್ಕದ ಗದ್ದೆಯ ಚಂದ್ರಬಾಯಿ ಹೇಳಿದ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳು ಅದೇ ಊರಿನ ಮರಾಠಿಯವಳು, ಅವಳ ಗದ್ದೆಗೂ ನಮ್ಮ ಟಿಲ್ಲರೇ ಹೋಗುವುದು. ಪೈರು ನೋಡಿ ಬರೆದುಕೊಳ್ಳಲು ತಲಾಠಿ, ಅಂದರೆ ಇಲ್ಲಿಯ ಶಾನುಭೋಗ, ಬಂದಾಗಲೆಲ್ಲ ಮಾನಪ್ಪ ಅವನ ಜೊತೆ ಹುಣಿಯ ಮೇಲೆ ನಿಂತು ಮಾತಾಡುತ್ತಾನಂತೆ. “ತಲಾಠಿ ಕೋಣ್ ಕರ್ತೋ ಶೇತೀ, ಬೇಸಾಯ ಯಾರು ಮಾಡುವುದು ಅಂತ ಕೇಳಿದ, ಮಾನಪ್ಪ ಹೆಸರು ಬರೆಸಿದ” ಅಂದಳು. ಯಾರ ಹೆಸರು ಬರೆಸಿದ ಅಂತ ಕೇಳಿದರೆ, “ತೇ ಕಾಯ್ ಮಾಹಿತ್ ನಾಹೀ ಬಾಯಿ”, ಅದೆಲ್ಲ ಗೊತ್ತಿಲ್ಲ ಅಂತ ಹುಲ್ಲಿನ ಹೊರೆ ಎತ್ತಿಕೊಂಡು ಹೊರಟೇಹೋದಳು.

ನಾನು ಮನೆಗೆ ಬಂದು ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

“ತಾ ಕಳ್ಳ ಪರರ ನಂಬ” ಅಂದರು.

“ಯಾರು ಕಳ್ಳ? ನನ್ನ ಅಪ್ಪನಾ?”

“ಹಾಗಲ್ಲ ಮಾರಾಯ್ತಿ. ನಿನ್ನ ಅಪ್ಪ ಮಾಡಿದ್ದನ್ನು ಎಲ್ಲರೂ ಮಾಡುತ್ತಾರೆ ಅಂತ ಯಾಕೆ ಅಂದುಕೊಳ್ಳುವುದು?”

“ನನ್ನ ಅಪ್ಪ ಮೂವತ್ತು ವರ್ಷ ಉತ್ತಿದ್ದರು!”

“ಮತ್ತೆ ಮಾನಪ್ಪ ಮಾಡುವುದು ಏನು, ಭಜನೆಯಾ?” ಅಂದರು ಇವರು. ನೋಡಿ, ಸಮಾಧಾನ ಮಾಡುವ ರೀತಿ ಇದು. ನನ್ನ ಹೆದರಿಕೆ ಎರಡು ಪಾಲಾಯಿತು.

ಮುಂದಿನ ಶನಿವಾರ ನಾನು ಒಬ್ಬಳೇ ಹೋಗಿದ್ದೆ. ಮಾನಪ್ಪ ಬಾವಿಯ ಆಚೆ ನಿಂತು ಮೊಬೈಲಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಿದ್ದ. ನಾನು ಬಂದದ್ದು ಅವನಿಗೆ ಕಾಣಲಿಲ್ಲ. ನಾನೂ ಕೆಮ್ಮಲಿಲ್ಲ. ಅವನು ಹೇಳಿದ್ದು ಇಷ್ಟು, ಅಕ್ಷರ ಅಕ್ಷರ ನೆನಪಿದೆ:

“ಈ ಸಲ ಕುಳ ಹಚ್ಚೇ ಬಿಡತೀನಿ ತಮ್ಮಾ. ಒಮ್ಮೆ ಹಚ್ಚಿದ್ನೆಪಾ ಅಂದ್ರ ನಾಕ ವರ್ಸ ಚಿಂತಿಲ್ಲ. ಅಕ್ಕಾರಿಗೆ ಹೇಳಿಲ್ಲ. ಹೇಳಿದ್ರ ಬ್ಯಾಡ ಅಂತಾರ. ಮಾಡಿದ ಮ್ಯಾಲ ಏನ ಮಾಡ್ತಾರ, ಬೈತಾರ, ಅಷ್ಟ.”

ಕುಳ! ನೀವು ಮಹಾರಾಷ್ಟ್ರದಲ್ಲಿ ಗದ್ದೆ ತೆಗೆದುಕೊಂಡವರಾದರೆ ಆ ಮಾತು ಗೊತ್ತಿರುತ್ತದೆ. ಗದ್ದೆ ಕೊಳ್ಳುವ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಅದೇ, ಸಾತ್-ಬಾರಾದಲ್ಲಿ ಕುಳ ಇದೆಯಾ ಅಂತ. ಸಾತ್-ಬಾರಾ ಅಂದರೆ ಇಲ್ಲಿಯ ಆರ್‌ಟಿಸಿ, ಕುಳ ಅಂದರೆ ಗೇಣಿಯವನು. ಅದರಲ್ಲಿ ಗೇಣಿಯವನ ಹೆಸರು ಹತ್ತಿತು ಅಂದರೆ ‘ಕುಳ ಲಾಗಲಾ’ ಅನ್ನುತ್ತಾರೆ. ಲಾಗಲಾ ಅಂದರೆ ಹತ್ತಿತು. ಇವನು ಹಚ್ಚುತ್ತೇನೆ ಅನ್ನುತ್ತಿದ್ದಾನೆ! ನನಗೆ ಹೇಳದೆ!

ಬಾಳೆಗಿಡದ ಹಿಂದೆ ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ದೊಡ್ಡದಾಗಿ ಕೆಮ್ಮಿ ಮುಂದೆ ಬಂದೆ. ಅವನು ಮೊಬೈಲು ಕಿಸೆಗೆ ಹಾಕಿ, “ಬರ್ರಿ ಅಕ್ಕಾರ, ಚಾ ಮಾಡ್ಲೇನ್ರಿ?” ಅಂದ. ಏನೂ ಆಗದವನ ಹಾಗೆ! ಆ ಚಹಾ ನಾನು ಕುಡಿಯಲಿಲ್ಲ.

ಉಳುವವನೇ ಒಡೆಯ ತಾನೇ? ಸರಿ, ನಾನೇ ಉಳುತ್ತೇನೆ ಅಂತ ತೀರ್ಮಾನಿಸಿದೆ. ಮರುದಿನ ಭಾನುವಾರ, ಇವರನ್ನೂ ಯತಿನ್‌ನನ್ನೂ ಎಳೆದುಕೊಂಡು ಹೋದೆ. ಸೀರೆ ಕಚ್ಚೆ ಹಾಕಿ ಕಟ್ಟಿ, “ಹ್ಯಾಂಡಲ್ ಕೊಡು” ಅಂದೆ. ಮಾನಪ್ಪ ಬಾಯಿ ತೆರೆದು ನಿಂತ.

“ಮಮ್ಮಿ, ಕಾಯ್ಕೋ ಇತನಾ ಟೆನ್ಶನ್ ಲೇತೀ ಹೈ? ಉಸಕೋ ಕರನೇ ದೇ ನಾ” ಅಂದ ಯತಿನ್, ಹುಣಿಯ ಮೇಲಿಂದಲೇ. ಅವನೇ ಮಾಡಲಿ ಬಿಡು ಅಂತ.

“ನೀನು ಬಾಯಿ ಮುಚ್ಚು, ಫೋಟೋ ತೆಗಿ. ನಾನು ಹೂಡುವ ಫೋಟೋ ಬೇಕು, ತಾರೀಕು ಬರಬೇಕು ಅದರಲ್ಲಿ.”

ಐವತ್ತೇಳು ವರ್ಷದ ಹೆಂಗಸು, ಹ್ಯಾಂಡಲ್ ತಿರುಗಿಸಿದರೆ ಅದು ತಿರುಗಿ ನನ್ನನ್ನೇ ಹೊಡೆಯಲಿಕ್ಕೆ ಬಂತು. ಮಾನಪ್ಪನೇ ತಿರುಗಿಸಿ ಚಾಲು ಮಾಡಿಕೊಟ್ಟ. ಎರಡು ಕೈಯಲ್ಲಿ ಹಿಡಿದೆ. ಅಯ್ಯೋ ದೇವರೇ, ಹಲ್ಲೆಲ್ಲ ಟಕಟಕ ಅಂತ ಅಲುಗುತ್ತದೆ, ಕಣ್ಣೆದುರಿನ ಗದ್ದೆ ಎರಡೆರಡು ಕಾಣುತ್ತದೆ. ಎಡಕ್ಕೆ ತಿರುಗಬೇಕಾದರೆ ಎಡಗೈಯ ಸಣ್ಣ ಕ್ಲಚ್ ಒತ್ತಬೇಕು, ಬಲಕ್ಕೆ ಬಲಗೈಯದ್ದು. ಹತ್ತು ಮಾರು ನೆಟ್ಟಗೆ ಹೋದೆ. ಹುಣಿ ಹತ್ತಿರ ಬಂದಾಗ ಯಾವುದು ಎಡ, ಯಾವುದು ಬಲ ಎಲ್ಲ ಮರೆತುಹೋಯಿತು. ಟಿಲ್ಲರ್ ಹುಣಿ ಹತ್ತಿ ಚಂದ್ರಬಾಯಿಯ ಭತ್ತದ ನೇಜಿಯ ಮೇಲೆ ಹೋಯಿತು, ಹಿಂದೆ ನಾನು ಕೆಸರಲ್ಲಿ ಮಂಡಿಯೂರಿ ಎಳೆಸಿಕೊಂಡು ಹೋದೆ. ಬಿಡಬೇಕು ಅಂತಲೂ ತೋಚಲಿಲ್ಲ. ಮಾನಪ್ಪ ಓಡಿ ಬಂದು ನನ್ನ ಕೈಯ ಮೇಲೆ ಕೈ ಇಟ್ಟು ಕ್ಲಚ್ ಎಳೆದು ನಿಲ್ಲಿಸಿದ.

“ಕಾಲು ತಾಕಿಲ್ಲಲ್ರಿ ಅಕ್ಕಾರ? ಕಾಲು ನೋಡಕೊಳ್ರಿ ಮೊದಲ!” ಅಂದ. ಅವನ ಮುಖ ಬಿಳಿಚಿತ್ತು. ಹೆದರಿದ್ದಾನೆ, ನಾನು ಸತ್ತರೆ ಕುಳ ಹಚ್ಚುವುದು ಕಷ್ಟ ಅಂತ ಹೆದರಿದ್ದಾನೆ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನನ್ನ ತಲೆ ಆಗ ಹಾಗೆ ಓಡುತ್ತಿತ್ತು.

ಅವನು ಟಿಲ್ಲರಿನ ಹಿಂದೆ ಬಗ್ಗಿ ನೋಡಿ, “ಸವದು ಹೋಗ್ಯಾವ್ರಿ, ಮಣ್ಣ ಹಿಡೀವಲ್ವು, ಅದಕ್ಕ ಹಿಂಗ ಜಿಗೀತೈತಿ. ಹ್ವಾದ ವರ್ಸನ ಹೇಳಿದ್ದೆ” ಅಂದ. ಬ್ಲೇಡಿನ ವಿಷಯ. ಹೋದ ವರ್ಷ ಕೇಳಿದ್ದ, ಇನ್ನೊಂದು ಮಳೆಗಾಲ ತಡೆಯುತ್ತವೆ ಅಂತ ನಾನು ಬೈದು ಕಳಿಸಿದ್ದೆ. ಆ ಹೊತ್ತಿಗೆ ನನಗೆ ಬ್ಲೇಡು ಯಾರಿಗೆ ಬೇಕಿತ್ತು?

ನಾನು ಹೂಡುವ ದಾರಿ ಮುಚ್ಚಿತು. ಸೋಮವಾರ ಬೆಳಿಗ್ಗೆ ಕಲ್ಯಾಣಕ್ಕೆ ಹೋದೆ. ಅಲ್ಲಿ ಕೋರ್ಟಿನ ಹೊರಗೆ ಟೇಬಲ್ ಹಾಕಿಕೊಂಡು ಕಾಗದ ಪತ್ರ ಬರೆಯುವ ಸರ್ವೋತ್ತಮ ಇದ್ದಾರೆ, ಕಾರ್ಕಳದವರು, ನಮ್ಮ ಹೋಟೆಲಿನ ಹಳೆ ಗಿರಾಕಿ. ಎಲ್ಲ ಕೇಳಿ ಕನ್ನಡಕ ಹಣೆಗೆ ಏರಿಸಿದರು.

“ಸುಂದರಿಯಕ್ಕ, ಕುಳ ಅಂದನಾ? ಅದೇ ಶಬ್ದ?”

“ಅದೇ. ಈ ಕಿವಿಯಲ್ಲಿ ಕೇಳಿದ್ದೇನೆ.”

“ಹಾಗಾದರೆ ಅವನಿಗೆ ಯಾರೋ ಪಾಠ ಹೇಳಿಕೊಟ್ಟಿದ್ದಾರೆ. ನೀವು ಮೊದಲೇ ಬರೆಸಿಕೊಂಡುಬಿಡಿ.”

ಸ್ಟ್ಯಾಂಪ್ ಪೇಪರಿನಲ್ಲಿ ಮರಾಠಿಯಲ್ಲಿ ಟೈಪು ಮಾಡಿಕೊಟ್ಟರು. ನಾನು ಈ ಜಮೀನಿನ ಕುಳ ಅಲ್ಲ, ಕೂಲಿಗೆ ಕೆಲಸ ಮಾಡುವವನು, ಈಗಲೂ ಮುಂದೆಯೂ ನನಗೆ ಇದರಲ್ಲಿ ಯಾವ ಹಕ್ಕೂ ಇಲ್ಲ, ಇಷ್ಟೇ. “ಬರೀ ಸಹಿ ಬೇಡ, ನಾಳೆ ನನ್ನದಲ್ಲ ಅಂದಾನು. ಅಂಗೂಠಾ ಇರಲಿ, ಎಡಗೈ ಹೆಬ್ಬೆರಳಿನದು” ಅಂದರು. ಮಸಿಯ ಪ್ಯಾಡು ಕೂಡ ಅವರೇ ಕೊಟ್ಟರು. ಟ್ರೇನಿನಲ್ಲಿ ಕಾಗದವನ್ನು ಎದೆಗೆ ಒತ್ತಿಕೊಂಡು ಬಂದೆ.

ಇವರು ಕಾಗದ ಓದಿ ಸುಮ್ಮನೆ ಮಡಚಿಟ್ಟರು. “ಇದು ನಿನ್ನ ಅಪ್ಪನ ಮುಂದೆ ಧಣಿಗಳು ಇಟ್ಟ ಕಾಗದವೇ ಅಲ್ಲವಾ? ಭಾಷೆ ಒಂದು ಬೇರೆ” ಅಂದರು.

“ಅವರು ಭೂಮಿ ಕಿತ್ತುಕೊಳ್ಳಲಿಕ್ಕೆ ಮಾಡಿದ್ದು. ನಾನು ಉಳಿಸಿಕೊಳ್ಳಲಿಕ್ಕೆ ಮಾಡುವುದು.”

“ಧಣಿಗಳೂ ಹಾಗೇ ಹೇಳುತ್ತಿದ್ದರೋ ಏನೋ.”

ನನಗೆ ಎಷ್ಟು ಸಿಟ್ಟು ಬಂತು ಅಂದರೆ ಆ ದಿನ ಸಾರಿಗೆ ಉಪ್ಪು ಹಾಕಲಿಲ್ಲ, ಬೇಕೆಂದೇ. ಇವರು ಏನೂ ಹೇಳದೆ ಉಂಡೆದ್ದರು. ಆದರೆ ಇವರಿಗೆ ಬಾಯಿ ನಿಲ್ಲುವುದಿಲ್ಲವಲ್ಲ, ಮಾನಪ್ಪನಿಗೆ ಫೋನು ಮಾಡಿ, “ಬುಧವಾರ ಬರುತ್ತೇವೆ, ಒಂದು ಕಾಗದಕ್ಕೆ ನಿನ್ನ ಹೆಬ್ಬೆರಳು ಬೇಕಂತೆ” ಅಂದುಬಿಟ್ಟರು. “ಯಾಕೆ ಹೇಳಿದಿರಿ?” ಅಂತ ಹಾರಾಡಿದೆ. “ಇನ್ಶೂರೆನ್ಸಿನ ಕಾಗದ ಅಂತ ನೀನೇ ಸುಳ್ಳು ಹೇಳು ಬೇಕಾದರೆ” ಅಂದರು.

ಬುಧವಾರ ಮಳೆ ಬಿಟ್ಟಿತ್ತು. ಮಾನಪ್ಪ ಮಾಡಿನ ಕೆಳಗೆ ಕೂತಿದ್ದ, ಟಿಲ್ಲರಿನ ಹಿಂಭಾಗ ಬಿಚ್ಚಿ ಹಾಕಿಕೊಂಡು. ನಮ್ಮನ್ನು ನೋಡಿ ಎದ್ದು ನಿಂತ. ನನ್ನ ಕಣ್ಣು ನೇರ ಅವನ ಎಡಗೈಗೆ ಹೋಯಿತು.

ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದ. ಬಟ್ಟೆಯ ಮೇಲೆ ಅರಸಿನ. ಅರಸಿನದ ಮೇಲೆ ಕೆಂಪು.

ಇವನಿಗೆ ನಾನೇ ಕಲಿಸಿದ್ದು! ಚಹಾ ಕುಡಿಯುತ್ತ, ನಕ್ಕು ನಕ್ಕು, ನಾನೇ ಹೇಳಿಕೊಟ್ಟದ್ದು! ನನ್ನ ಅಪ್ಪನ ಉಪಾಯವನ್ನು ನನ್ನ ಮೇಲೇ ಹೂಡುತ್ತಿದ್ದಾನೆ. ಬಾಯಲ್ಲಿ ಎಲೆ ಅಡಿಕೆ ಬೇರೆ ಇತ್ತು ಅವನಿಗೆ.

“ಏನಾಯಿತು ಬೆರಳಿಗೆ?” ಅಂದೆ.

“ಕೊಯ್ತರಿ ಅಕ್ಕಾರ. ನಿನ್ನಿ ಸಂಜೀಕ.”

“ಹೌದಾ. ಕೋಣ ತುಳಿಯಲಿಲ್ಲವಾ?”

ಅವನಿಗೆ ಅರ್ಥವಾಗಲಿಲ್ಲ. ಇವರಿಗೆ ಅರ್ಥವಾಯಿತು. “ಸುಂದರೀ” ಅಂದರು ಮೆಲ್ಲಗೆ.

“ನೀವು ಸುಮ್ಮನಿರಿ! ಬಿಚ್ಚು ಮಾನಪ್ಪ.”

“ಬ್ಯಾಡ್ರಿ, ಹತಗೊಂಡೈತಿ.”

“ಬಿಚ್ಚು ಅಂದೆ! ಯಾರ ಹತ್ತಿರ ನಾಟಕ? ಈ ಬಟ್ಟೆಯನ್ನು ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಒಗೆದಿದ್ದೇನೆ!”

ಅವನು ಕೈ ಹಿಂದಕ್ಕೆ ಎಳೆದ. ನಾನು ಹಿಡಿದೆ. ಧಣಿಗಳು ಮುಟ್ಟದ್ದನ್ನು ನಾನು ಮುಟ್ಟಿದೆ ನೋಡಿ. ಅವನ ಮಣಿಕಟ್ಟು ಹಿಡಿದು, ಬಟ್ಟೆಯ ತುದಿ ಹುಡುಕಿ, ಒಂದು ಸುತ್ತು, ಎರಡು ಸುತ್ತು ಬಿಚ್ಚಿದೆ. ಮೂರನೆಯ ಸುತ್ತು ಬರಲಿಲ್ಲ. ಎಳೆದೆ. ಮಾನಪ್ಪ “ಅವ್ವಾ” ಅಂದ, ಸಣ್ಣದಾಗಿ, ಒಮ್ಮೆ ಮಾತ್ರ.

ಉಗುರಿನ ಬುಡದಿಂದ ಗಂಟಿನವರೆಗೆ ಸೀಳಿಹೋಗಿತ್ತು. ಒಳಗಿನ ಬಿಳಿ ಕಾಣುತ್ತಿತ್ತು. ಬಟ್ಟೆಯ ಜೊತೆ ಚರ್ಮವೂ ಬಂದು ಮತ್ತೆ ರಕ್ತ ಇಳಿಯತೊಡಗಿತು, ನನ್ನ ಬೆರಳಿನ ಮೇಲೆ, ಆ ಮಸಿ ಪ್ಯಾಡಿನ ಮೇಲೆ.

ನಾನು ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಮಾನಪ್ಪ ಬೆರಳನ್ನು ಬಾಯಿಗೆ ಒಯ್ದು, ಎಲೆ ಅಡಿಕೆ ಇದೆ ಅಂತ ನೆನಪಾಗಿ, ಅದನ್ನು ಉಗುಳಿ ಬಂದು ಮತ್ತೆ ನಿಂತ. ಆಮೇಲೆ ಅವನು ಏನು ಮಾಡಿದ ಗೊತ್ತಾ? ಬಲಗೈ ಮುಂದೆ ಚಾಚಿದ.

“ಎಡಗೈದು ಆಗೂದಿಲ್ಲ ಅಂತ ಸಿಟ್ಟಾದಿರೇನ್ರಿ? ಬಲಗೈದು ನಡೀತೈತೇನ ನೋಡ್ರಿ. ಒತ್ತತೀನಿ.”

ಕಾಗದ ಏನು ಅಂತ ಕೇಳಲಿಲ್ಲ. ಏನು ಬರೆದಿದೆ ಅಂತ ಕೇಳಲಿಲ್ಲ. ನನ್ನ ಅಪ್ಪನ ಜೊತೆಗಿದ್ದ ಉಳಿದ ಒಕ್ಕಲುಗಳು ಹೀಗೇ ಕೈ ಚಾಚಿರಬೇಕು.

“ಓದಿ ಹೇಳು ಅವನಿಗೆ” ಅಂದರು ಇವರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ನನಗೆ ಹಾಗೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಓದಿದೆ. ಮರಾಠಿಯಿಂದ ಕನ್ನಡ ಮಾಡುತ್ತ ಓದಿದೆ. “ನಾನು ಮಾನಪ್ಪ, ಈ ಜಮೀನಿನ ಕುಳ ಅಲ್ಲ...”

ಮಾನಪ್ಪ ನಕ್ಕುಬಿಟ್ಟ. ಅಷ್ಟು ನೋವಿನಲ್ಲೂ.

“ಏನ್ರಿ ಇದು, ನಾ ಕುಳ ಅಲ್ಲ ಅಂತ ಬರಿಸೀರಿ? ನಾ ಯಾಕ ಕುಳ ಆಗ್ಲಿರಿ, ನಾ ಮನಶ್ಯಾ ಅದೀನಿ. ಕುಳ ಅಲ್ಲಿ ಅದಾವ ನೋಡ್ರಿ.”

ಟಿಲ್ಲರಿನ ಹಿಂಭಾಗ ತೋರಿಸಿದ. ಬಾಗಿದ ಹೊಸ ಬ್ಲೇಡುಗಳು ಹನ್ನೆರಡು ಸಾಲಾಗಿ ಕೂತಿದ್ದವು. ಇನ್ನೂ ಆರು ಗೋಣಿಚೀಲದ ಮೇಲೆ ಬಿದ್ದಿದ್ದವು. ಕಳಂಬೋಲಿಯಲ್ಲಿ ಇವನ ಜೊತೆ ಇದ್ದ ಕಮ್ಮಾರನೊಬ್ಬನಿಗೆ ಹೇಳಿ, ಲಾರಿಯ ಹಳೆ ಸ್ಪ್ರಿಂಗ್ ಪಾಟಾ ಕಾಯಿಸಿ ಬಡಿಸಿ ಮಾಡಿಸಿದ್ದಂತೆ. ಮೊನ್ನೆ ನಾನು ಬಿದ್ದ ಮೇಲೆ ಅವಸರ ಮಾಡಿ ತರಿಸಿದ್ದಂತೆ. ಹನ್ನೆರಡನೆಯದನ್ನು ಎಡಗೈಯಲ್ಲಿ ಹಿಡಿದು ಬಿಗಿಯುವಾಗ ನಟ್ಟಿನ ಪಾನಾ ಜಾರಿ ಬ್ಲೇಡು ಬೆರಳು ಕೊಯ್ದಿತಂತೆ.

“ಇದಕ್ಕೆ... ಇದಕ್ಕೆ ಕುಳ ಅನ್ನುತ್ತೀರಾ ನೀವು?”

“ಮತ್ತೇನಂತಾರ್ರಿ? ನೇಗಿಲದ್ದೂ ಕುಳ, ಇದರದ್ದೂ ಕುಳ. ಹೊಸಾ ಕುಳ ಹಚ್ಚಿದ್ರ ನಾಕ ವರ್ಸ ಚಿಂತಿಲ್ಲ. ನಿಮಗ ಹೇಳಿದ್ರ ಬ್ಯಾಡ ಅಂತೀರಿ ಅಂತ ಹೇಳಿರಲಿಲ್ಲ.”

ಟಿಲ್ಲರಿನ ಮಡ್‌ಗಾರ್ಡ್ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಇಲ್ಲಿಯ ಮಾತಿನಲ್ಲಿ ಕುಳ ಅಂದರೆ ಏನು ಅಂತ ಇವರು ಅವನಿಗೆ ಹೇಳಿದರು. ಸಾತ್-ಬಾರಾ, ಗೇಣಿ, ಹೆಸರು, ಎಲ್ಲ ಹೇಳಿದರು. ನನ್ನ ಮುಖ ನೋಡದೆ ಹೇಳಿದರು. ಕೇಳುತ್ತ ಕೇಳುತ್ತ ಮಾನಪ್ಪನ ಮುಖದಿಂದ ನಗು ಹೋಯಿತು.

“ತಲಾಠಿ ಕೇಳಿದಾಗೆಲ್ಲ ನಿಮ್ಮ ಹೆಸರ ಹೇಳೇನ್ರಿ” ಅಂದ, ನೆಲ ನೋಡುತ್ತ. “ಸುಂದರಿಬಾಯಿ ಖುದ್ದ ಮಾಡತಾರ ಅಂತ. ಅಂವ ನಂಬಲಿಲ್ಲ, ಹೆಂಗಸು ಟಿಲ್ಲರ್ ಹೊಡೀತಾಳೇನು ಅಂದ. ನಮ್ಮಕ್ಕಾರು ಹೊಡೀತಾರ ಅಂದೆ.”

ನಾನು ಕಾಗದ ಹರಿಯಲು ಹೋದೆ. ಅವನು ಬಿಡಲಿಲ್ಲ. ನನ್ನ ಕೈಯಿಂದ ತೆಗೆದುಕೊಂಡು, ಟಿಲ್ಲರಿನ ಬಾನೆಟ್ಟಿನ ಮೇಲೆ ಇಟ್ಟು, ಬಲಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಕಾಗದದ ಕೆಳಗೆ ಊರಿದ. ಚೆನ್ನಾಗಿ, ಈಚೆ ಆಚೆ ಹೊರಳಿಸಿ, ಗೆರೆ ಗೆರೆ ಕಾಣುವ ಹಾಗೆ.

“ಬೇಡ ಮಾನಪ್ಪ, ಬೇಡ!” ಅಂದೆ.

“ಇರ್ಲಿ ಇಟ್ಕೊಳ್ರಿ ಅಕ್ಕಾರ. ನಿಮಗ ನಿದ್ದಿ ಬರ್ಲಿ.” ಕಾಗದ ನನ್ನ ತೊಡೆಯ ಮೇಲೆ ಇಟ್ಟ. “ಇನ್ನ ಆರು ಕುಳ ಉಳದಾವ. ಹಚ್ಚಲೋ ಬ್ಯಾಡೋ, ಹೇಳ್ರಿ.”

ಇವರು ಕರ್ಚೀಫು ಹರಿದು ಅವನ ಬೆರಳಿಗೆ ಕಟ್ಟಿದರು. ಆರು ಬ್ಲೇಡುಗಳನ್ನು ನಾನು ಹಿಡಿದೆ, ಅವನು ಬಲಗೈಯಲ್ಲಿ ಬಿಗಿದ. ಎಡಕ್ಕೆ ಬಾಗಿದ್ದು ಯಾವುದು, ಬಲಕ್ಕೆ ಬಾಗಿದ್ದು ಯಾವುದು ಅಂತ ಪ್ರತಿ ಸಲ ಹೇಳಿಕೊಟ್ಟ, ಮೊದಲಿನ ಹಾಗೇ ಅಕ್ಕಾರ ಅಂತಲೇ ಕರೆದು. ಆ ವಾರ ಗದ್ದೆ ಬೆಣ್ಣೆಯ ಹಾಗೆ ಕೆಸರಾಯಿತು. ಒಂದು ಹೆಬ್ಬೆರಳನ್ನು ಮೇಲಕ್ಕೆತ್ತಿಕೊಂಡೇ ನಮ್ಮದನ್ನೂ ಚಂದ್ರಬಾಯಿಯದನ್ನೂ ಹೂಡಿ ಮುಗಿಸಿದ.

ನಾಟಿ ಮುಗಿದ ಮೇಲೆ, ಪಂಚಮಿಗೆ ಊರಿಗೆ ಹೋಗುತ್ತೇನೆ ಅಂತ ಹೇಳಲು ಡೊಂಬಿವಲಿಯ ಮನೆಗೆ ಬಂದ. ಮೂರು ವರ್ಷದಲ್ಲಿ ಮೊದಲ ಸಲ. ಪೇಪರಿನಲ್ಲಿ ಸುತ್ತಿದ ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟ. “ನಿಮ್ಮ ಟಿಲ್ಲರಿಂದು” ಅಂದ. ನಿಮ್ಮ ಟಿಲ್ಲರ್! “ಒಳಗೆ ಬಾ, ಉಂಡುಕೊಂಡು ಹೋಗು” ಅಂದೆ. ಟ್ರೇನಿಗೆ ಹೊತ್ತಾಯಿತು ಅಂದ. “ಯಾವಾಗ ಬರುತ್ತೀ?” ಅಂದೆ. “ನೋಡೂಣ್ರಿ” ಅಂದ. ಪಂಚಮಿ ಕಳೆಯಿತು, ಅವನು ಬರಲಿಲ್ಲ. ಫೋನು ಮಾಡಿದರೆ ಆ ನಂಬರ್ ಇಲ್ಲ ಅಂತ ಹೆಂಗಸೊಬ್ಬಳು ಮರಾಠಿಯಲ್ಲಿ ಹೇಳುತ್ತಾಳೆ. ಕಾಗದ ನನ್ನ ಟ್ರಂಕಿನಲ್ಲಿದೆ, ಅಪ್ಪನ ಆರ್‌ಟಿಸಿಯ ಕೆಳಗೆ.

ಆ ವರ್ಷ ಚೌತಿಗೆ ಮನೆ ತುಂಬ ಜನ. ಊಟ ಆದ ಮೇಲೆ ಯತಿನ್‌ನ ಮಗಳು ರಮಿತಾ, ಏಳು ವರ್ಷದವಳು, ನನ್ನ ಮಡಿಲಿಗೆ ಬಂದು ಕೂತಳು.

“ಅಜ್ಜಿ, ವೋ ಅಂಗೂಠೇವಾಲಿ ಸ್ಟೋರಿ ಸುನಾವೋ ನಾ.”

ಇವರು ಆಚೆಯ ಕುರ್ಚಿಯಿಂದ ನನ್ನನ್ನು ನೋಡಿದರು. ನಾನು ಹೇಳಿದೆ. ಧಣಿಗಳು, ಅಂಗಳ, ಕಾಗದ, ಅರಸಿನ ಮೆತ್ತಿದ ಬಟ್ಟೆ, ಎಲ್ಲ ಮೊದಲಿನ ಹಾಗೇ ಹೇಳಿದೆ. ಆದರೆ ಈ ಸಲ ‘ಗುಣವಾದ ಮೇಲೆ ಬಾ’ ಅನ್ನುವಲ್ಲಿಗೆ ಬಂದಾಗ ನನ್ನ ಬಾಯಿ ಬೇರೆಯೇ ಹೇಳಿತು.

“ಧಣಿ ಬಂದು ಕೈ ಹಿಡಿದು ಬಟ್ಟೆ ಬಿಚ್ಚಿದ” ಅಂದೆ.

ರಮಿತಾ ಕಣ್ಣು ದೊಡ್ಡದು ಮಾಡಿದಳು. “ಫಿರ್? ಝೂಟ್ ಪಕಡಾ ಗಯಾ?”

“ಇಲ್ಲ ಮಗಾ, ಸುಳ್ಳು ಸಿಕ್ಕಿಬೀಳಲಿಲ್ಲ. ಒಳಗೆ ಗಾಯ ಇತ್ತು.”

“ಸಚ್ಚಿವಾಲಾ?”

“ಹೌದು, ನಿಜವಾದದ್ದೇ” ಅಂದೆ.